ಬೋರರ್ ವಿಡಿಯೋ ಸರ್ವರನ್ನು ಮೂಡಿಗೆರೆಗೇ ತಂದಿದ್ದು

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರಿಗಾಗಿ ನಾನು ವಿಡಿಯೋ ಮಾಡುತ್ತೇನೆ. ಬೋರರ್ (ಕಾಂಡ ಕೊರೆಯುವ ದುಂಬಿಯ ಹುಳು) ಹೊಕ್ಕ ಅರೇಬಿಕಾ ಕಾಫಿ ಗಿಡವನ್ನು ಗುರುತಿಸುವುದು ಹೇಗೆ, ಕಾಂಡದ ಮೇಲೆ ಏಳುವ ಉಬ್ಬುಗೆರೆ ಹೇಗಿರುತ್ತದೆ, ಇಂಥವು. ಜಾಹೀರಾತು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ನಾನು ಬೋರರ್ ಬಗ್ಗೆ ಹೇಳುವಾಗ ಮಧ್ಯೆ ಯಾವುದೋ ಔಷಧಿಯ ಜಾಹೀರಾತು ಬಂದರೆ ಅದನ್ನೂ ನಾನೇ ಹೇಳಿದ ಹಾಗೆ ಆಗುತ್ತದೆ, ಅಲ್ವಾ? ಹಾಗಾಗಿ ಬಾಡಿಗೆ ಸರ್ವರ್ ತಗೊಂಡು ಸ್ವಂತ ಸೈಟಿನಲ್ಲಿ ಹಾಕಿದೆ.

ಈಗ ಲೆಕ್ಕ ನೋಡಿ. ಸೆಕೆಂಡಿಗೆ 1.5 ಮೆಗಾಬಿಟ್ ಹಿಡಿದರೆ 20 ನಿಮಿಷದ ವಿಡಿಯೋ 225 ಎಂಬಿ. ಸಾವಿರ ಜನ ನೋಡಿದರೆ 225 ಜಿಬಿ. ಹಾಸನ ಆಕಾಶವಾಣಿಯ ಕೃಷಿ ಕಾರ್ಯಕ್ರಮವನ್ನು ಹತ್ತು ಜನ ಕೇಳಲಿ, ಹತ್ತು ಸಾವಿರ ಜನ ಕೇಳಲಿ, ಟ್ರಾನ್ಸ್‌ಮಿಟರ್ ಖರ್ಚು ಒಂದೇ. ಇಂಟರ್ನೆಟ್ಟಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರತಿ ಹೋಗಬೇಕು. ಅದರಲ್ಲೂ ಬೋರರ್ ದುಂಬಿ ಹಾರುವುದು ಏಪ್ರಿಲ್-ಮೇನಲ್ಲಿ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ನೋಡುವವರೂ ಆಗಲೇ ಮುಗಿಬೀಳುತ್ತಾರೆ. ಜನಕ್ಕೆ ತೀರಾ ಬೇಕಾದ ಹೊತ್ತಿನಲ್ಲೇ ನನ್ನ ಬಿಲ್ ಏರುತ್ತಿತ್ತು.

ಸರ್ವರ್ ಮನೆಯಲ್ಲೇ ಇಡೋಣ ಅಂದರೆ ನಮ್ಮದೇ ಅಂತ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಕಂಪ್ಯೂಟರನ್ನು ತಲುಪುವ ನಂಬರ್) ಇಲ್ಲ. ಹಳೆಯ ಐಪಿವಿ4ನಲ್ಲಿ ಇರುವುದು ಸುಮಾರು 430 ಕೋಟಿ ವಿಳಾಸ. ಅವು ಸಾಲದೆ ಎಷ್ಟೋ ಮನೆಗಳನ್ನು ಒಂದೇ ವಿಳಾಸದ ಹಿಂದೆ ಸೇರಿಸಿರುತ್ತಾರೆ. ಒಳಗಿನಿಂದ ನೋಡಬಹುದು, ಹೊರಗಿನವರು ನಮ್ಮ ಮನೆಯ ಕಂಪ್ಯೂಟರಿಗೆ ಬರಲಾಗುವುದಿಲ್ಲ. 2001ರಲ್ಲಿ ಬಂದ ಬಿಟ್‌ಟೊರೆಂಟ್‌ನಲ್ಲಿ ಫೈಲ್ ಪಡೆದವರೇ ಅದನ್ನು ಬೇರೆಯವರಿಗೆ ಹಂಚುತ್ತಾರೆ, ನಿಜ. ಆದರೆ ಮೊಬೈಲ್ ಡೇಟಾದಲ್ಲಿ ನೋಡುವ ರೈತರಿಗೆ ಹಂಚಿ ಅನ್ನುವುದು ನ್ಯಾಯವಲ್ಲ.

ದಾರಿ ತೋರಿಸಿದವರು ನಮ್ಮ ಕೇಬಲ್ ಆಪರೇಟರ್. "ಅಣ್ಣ, ಹೊರಗಿಂದ ತರೋ ಬ್ಯಾಂಡ್‌ವಿಡ್ತ್‌ಗೆ ನಾನು ದುಡ್ಡು ಕೊಡ್ಬೇಕು. ನಮ್ಮ ಫೈಬರ್ ಒಳಗೇ ಓಡಾಡಿದ್ರೆ ನಂಗೇನು ಖರ್ಚಿಲ್ಲ" ಅಂದರು. ನೆಟ್‌ಫ್ಲಿಕ್ಸ್ 2012ರಿಂದ ಇದನ್ನೇ ದೊಡ್ಡದಾಗಿ ಮಾಡುತ್ತಿದೆ. ಜಾಸ್ತಿ ಟ್ರಾಫಿಕ್ ಇರುವ ಇಂಟರ್ನೆಟ್ ಕಂಪನಿಗಳ ಒಳಗೆ ತನ್ನದೇ ಸರ್ವರ್ ಪೆಟ್ಟಿಗೆಗಳನ್ನು ಪುಕ್ಕಟೆ ಇಡಿಸುತ್ತದೆ. ದೊಡ್ಡವರಿಗೆ ಅಗ್ಗ, ಸಣ್ಣವರಿಗೆ ದುಬಾರಿ ಆಗುವುದಕ್ಕೆ ಇದೊಂದು ಕಾರಣ. ವಿಡಿಯೋ ಎಷ್ಟು ಚೆನ್ನಾಗಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಆಪರೇಟರ್ ಆಫೀಸಿನಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇಟ್ಟೆವು. ಲಿನಕ್ಸ್, ಫೈಲುಗಳನ್ನು ಕೇಳಿದವರಿಗೆ ಕಳಿಸುವ ಎನ್‌ಜಿಂಕ್ಸ್ ಅನ್ನುವ ಸಾಫ್ಟ್‌ವೇರ್, ಒಂದು ದೊಡ್ಡ ಹಾರ್ಡ್ ಡಿಸ್ಕ್, ಯುಪಿಎಸ್, ಅಷ್ಟೇ. ರಾತ್ರಿ ಆರ್‌ಸಿಂಕ್ ಅನ್ನುವ ಪ್ರೋಗ್ರಾಂ ಓಡಿ ಬಾಡಿಗೆ ಸರ್ವರ್‌ನಿಂದ ಹೊಸ ಫೈಲುಗಳನ್ನು ಮಾತ್ರ ತರುತ್ತದೆ. ಆಪರೇಟರ್‌ನ ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರು ಕೊಟ್ಟರೆ ಅದರ ಐಪಿ ಹೇಳುವ ವ್ಯವಸ್ಥೆ) ನಮ್ಮ ವಿಡಿಯೋ ವಿಳಾಸ ಕೇಳಿದರೆ ಈ ಪೆಟ್ಟಿಗೆಯ ಐಪಿ ಸಿಗುವ ಹಾಗೆ ಒಂದು ಸಾಲು ಸೇರಿಸಿದೆವು. ಫೋನಿನಲ್ಲಿ ಬೇರೆ ಡಿಎನ್‌ಎಸ್ ಹಾಕಿಕೊಂಡವರು ಹೊರಗಿನ ಸರ್ವರ್‌ಗೇ ಹೋಗುತ್ತಾರೆ, ಅವರಿಗೂ ವಿಡಿಯೋ ಬರುತ್ತದೆ. ಈಗ 225 ಎಂಬಿ ಊರಿಗೆ ಬರುವುದು ಒಂದೇ ಸಲ. ಆಮೇಲೆ ಅವರ ಫೈಬರಿನಲ್ಲಿ ಎಷ್ಟು ಮನೆಯವರು ನೋಡಿದರೂ ನನಗೂ ಖರ್ಚಿಲ್ಲ, ಅವರಿಗೂ ಇಲ್ಲ.

ಫೈಬರ್ ಇಲ್ಲದ ತೋಟಗಳಿಗೆ ಬರೀ ಆಡಿಯೋ ಕೊಡುತ್ತಿದ್ದೇನೆ. ಆಡಿಯೋವನ್ನು ಚಿಕ್ಕದಾಗಿಸುವ ಓಪಸ್ ಫಾರ್ಮ್ಯಾಟಿನಲ್ಲಿ ಸೆಕೆಂಡಿಗೆ 24 ಕಿಲೋಬಿಟ್ ಇಟ್ಟರೆ ಅದೇ 20 ನಿಮಿಷ ಬರೀ 3.6 ಎಂಬಿ, ಮಾತು ಸ್ಪಷ್ಟವಾಗಿಯೇ ಕೇಳುತ್ತದೆ. ಉಬ್ಬುಗೆರೆಯನ್ನು ಕಣ್ಣಿಗೆ ತೋರಿಸಲೇಬೇಕು, ಅದಕ್ಕೆ ಜೊತೆಗೆ ಎರಡು ಫೋಟೋ. ಪಕ್ಕದ ಊರಿನ ಆಪರೇಟರ್ ಬೇರೆ, ಜಾಲವೂ ಬೇರೆ, ಅಲ್ಲಿಗೆ ಇನ್ನೊಂದು ಪೆಟ್ಟಿಗೆ ಬೇಕು. ಅಕ್ಟೋಬರ್ ಒಳಗೆ ಅದನ್ನು ಇಡಬೇಕು ಅಂತ ಮಾತಾಡಿದ್ದೇವೆ.