ಸಂತೆ ದಿನದ ಮಾತ್ರೆ, ಜ್ವರದ ದಿನದ ಲೆಕ್ಕ

ರುಮಟಾಯ್ಡ್ ಸಂಧಿವಾತದ ಮದ್ದುಗಳು ಕೀಲಿನ ಮೇಲೆ ತಿರುಗಿಬಿದ್ದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಆದರೆ ಅದು ಕೀಲಿನ ಮಟ್ಟಿಗೆ ಮಾತ್ರ ತಗ್ಗುವುದಿಲ್ಲ. ಕ್ಷಯ, ಸರ್ಪಸುತ್ತು, ನ್ಯುಮೋನಿಯಾಗಳಿಗೂ ದಾರಿ ಸಲೀಸಾಗುತ್ತದೆ. ವೈದ್ಯರ ಚೀಟಿ ಹಿಡಿದು ಬಂದವರಿಗೆ ಮದ್ದು ತಿಳಿಸಿಹೇಳುವ ಫಾರ್ಮಸಿಸ್ಟ್ ಕೆಲಸ ನನ್ನದು.

ಮೊದಲ ಮಾತು ಮೆಥೋಟ್ರೆಕ್ಸೇಟ್ ಬಗ್ಗೆ. ಅದು ವಾರಕ್ಕೊಂದೇ ಸಲ ನುಂಗುವ ಮದ್ದು. ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ಮೂಳೆಮಜ್ಜೆ ರಕ್ತಕಣ ಮಾಡುವುದನ್ನೇ ನಿಲ್ಲಿಸಿ, ಸೋಂಕು ತಗಲಿ ಪ್ರಾಣಕ್ಕೇ ಬರುತ್ತದೆ. ತಪ್ಪು ಹುಟ್ಟುವುದು ಚೀಟಿಯಲ್ಲೇ. '0-0-1' ಎಂದಿದ್ದರೆ ಯಾರಾದರೂ 'ದಿನಾ ರಾತ್ರಿ ಒಂದು' ಎಂದೇ ಓದುತ್ತಾರೆ. ಹಾಗಾಗಿ ಪೊಟ್ಟಣದ ಮೇಲೆ ನಾನು ಅಂಕಿ ಬರೆಯುವುದಿಲ್ಲ, 'ಗುರುವಾರ ರಾತ್ರಿ ಮಾತ್ರ' ಎಂದು ಕನ್ನಡದಲ್ಲಿ ಬರೆಯುತ್ತೇನೆ. ಯಾವ ದಿನವೆಂದು ಆರಿಸುವುದು ರೋಗಿಗೇ ಬಿಟ್ಟದ್ದು. ಹಳ್ಳಿಯವರಿಗೆ ಸಂತೆಯ ದಿನದಷ್ಟು ಗಟ್ಟಿ ಗುರುತು ಬೇರೆ ಇಲ್ಲ. ಮಂಗಳವಾರ ಬೇಡವೆಂದರೆ ವಾದ ಮಾಡುವುದಿಲ್ಲ.

15 ಮಿ.ಗ್ರಾಂ. ಬೇಕಾದವರಿಗೆ 2.5ರ ಆರು ಮಾತ್ರೆ ಕೊಟ್ಟು, ಮುಂದಿನ ತಿಂಗಳು ಅಂಗಡಿಯಲ್ಲಿ 10ರದ್ದು ಸಿಕ್ಕರೆ 'ಆರು' ಎಂಬ ಅಭ್ಯಾಸವೇ ಮುಳುವಾಗುತ್ತದೆ. ಒಬ್ಬರಿಗೆ ಒಂದೇ ಪವರ್‌ನ ಮಾತ್ರೆ, ಅದೂ ನಾಲ್ಕು ವಾರಕ್ಕೆ ಎಣಿಸಿ ಕೊಡುವುದು ನನ್ನ ಪದ್ಧತಿ. ಮೆಥೋಟ್ರೆಕ್ಸೇಟ್ ಕಾಟ ತಗ್ಗಿಸುವ ವಿಟಮಿನ್ ಫೋಲಿಕ್ ಆಸಿಡ್ 5 ಮಿ.ಗ್ರಾಂ. ಬೇರೆ ದಿನ. ಎರಡೂ ಹಳದಿ ಮಾತ್ರೆಯಾಗಿ ಬರುವುದುಂಟು, ಅದಕ್ಕೇ ಒಂದೇ ಡಬ್ಬಿಯಲ್ಲಿ ಇಡಬೇಡಿ ಎನ್ನುತ್ತೇನೆ. ಮರಳಿ ಬಂದಾಗ ಖಾಲಿ ಸ್ಟ್ರಿಪ್ ತರಿಸಿ ಎಣಿಸುತ್ತೇನೆ. 'ಸರಿಯಾಗಿ ತಗೋತಿದೀನಿ ಸಾರ್' ಎಂಬ ಮಾತಿಗಿಂತ ಸ್ಟ್ರಿಪ್ ಹೆಚ್ಚು ನಿಜ ಹೇಳುತ್ತದೆ. ಶುರುವಿನ ಮೂರು ತಿಂಗಳು 2ರಿಂದ 4 ವಾರಕ್ಕೊಮ್ಮೆ ರಕ್ತಕಣ, ಲಿವರ್, ಕಿಡ್ನಿಯ ಸ್ಥಿತಿ ತೋರುವ ಕ್ರಿಯಾಟಿನಿನ್ ಪರೀಕ್ಷೆ. ಮೂತ್ರದ ಉರಿಗೆಂದು ಅಂಗಡಿಯಲ್ಲಿ ಸೆಪ್ಟ್ರಾನ್ ಕೇಳಿ ತಂದು ನುಂಗುವಂತಿಲ್ಲ. ಮೆಥೋಟ್ರೆಕ್ಸೇಟ್‌ನಂತೆ ಅದೂ ಫೋಲೇಟನ್ನೇ (ಫೋಲಿಕ್ ಆಸಿಡ್ ಬಗೆಯ ವಿಟಮಿನ್) ತಡೆಯುವ ಮದ್ದು. ಮೆಥೋಟ್ರೆಕ್ಸೇಟ್ ಜೊತೆ ಸೇರಿದರೆ ಮಜ್ಜೆ ಕುಸಿಯುತ್ತದೆ.

ಇನ್ನು ಜ್ವರ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಆ ವಾರದ ಮೆಥೋಟ್ರೆಕ್ಸೇಟ್ ಬೇಡ, ಬಯಾಲಜಿಕ್ (ರೋಗನಿರೋಧಕ ಶಕ್ತಿಯ ಗೊತ್ತಾದ ಕೊಂಡಿಯೊಂದನ್ನೇ ತಡೆಯುವ ಮದ್ದು) ಇಂಜೆಕ್ಷನ್ನೂ ಬೇಡ, ಅವತ್ತೇ ಫೋನ್ ಮಾಡಿ ಎನ್ನುತ್ತೇನೆ. ವಾಂತಿ ಭೇದಿಯಾದರೂ ಇದೇ ಲೆಕ್ಕ. ನೀರು ಆರಿದ ಮೈಯಲ್ಲಿ ಕಿಡ್ನಿ ಮೆಥೋಟ್ರೆಕ್ಸೇಟನ್ನು ಹೊರಹಾಕಲಾರದು. ಆದರೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಯನ್ನು ಮಾತ್ರ ನಿಲ್ಲಿಸಬಾರದು. ಮೂರು ವಾರಕ್ಕಿಂತ ಹೆಚ್ಚು ನುಂಗಿದವರಲ್ಲಿ ಮೈಗೆ ಬೇಕಾದ ಸ್ಟಿರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಂಕಾಗಿರುತ್ತದೆ. ಜ್ವರದ ಹೊತ್ತಲ್ಲಿ ತಟ್ಟನೆ ಬಿಟ್ಟರೆ ಬಿ.ಪಿ. ಇಳಿದು ಕುಸಿಯುತ್ತಾರೆ. ಎಲ್ಲ ಮದ್ದೂ ಒಟ್ಟಿಗೆ ನಿಲ್ಲಿಸುವುದೇ ಮನೆಮನೆಯಲ್ಲೂ ಆಗುವ ತಪ್ಪು. ಇನ್ನೊಂದು ತಪ್ಪೆಂದರೆ ಡೋಲೊ ನುಂಗಿ ಆಮೇಲೆ ಥರ್ಮಾಮೀಟರ್ ಇಡುವುದು. ಮೊದಲು ಅಳತೆ, ಆಮೇಲೆ ಮಾತ್ರೆ. ಸ್ಟಿರಾಯ್ಡ್ ಇದ್ದವರಿಗೆ ಜ್ವರವೇ ಏರದಿರಬಹುದು. ಎರಡು ವಾರದ ಕೆಮ್ಮು, ರಾತ್ರಿ ಬೆವರು, ಸಡಿಲವಾದ ಬಳೆ (ತೂಕ ಇಳಿದ ಗುರುತು), ಇವನ್ನೂ ಕೇಳಿ ಬರೆದುಕೊಳ್ಳುತ್ತೇನೆ.

ಅಡಾಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್‌ನಂಥ ಟಿಎನ್‌ಎಫ್ (ಉರಿಯೂತ ಹುಟ್ಟಿಸುವ ಪ್ರೋಟೀನ್) ತಡೆಯುವ ಬಯಾಲಜಿಕ್ ಇಂಜೆಕ್ಷನ್‌ಗೆ ಮುಂಚೆ ಕ್ಷಯದ ತಪಾಸಣೆ ಆಗಲೇಬೇಕು. ಮಲಗಿದ ಕ್ಷಯಾಣುವನ್ನು ಸುತ್ತಲೂ ಕೋಟೆ ಕಟ್ಟಿ ಹಿಡಿದಿಡುವುದೇ ಟಿಎನ್‌ಎಫ್. ಅದನ್ನು ತೆಗೆದರೆ ಕೋಟೆ ಬಿರಿಯುತ್ತದೆ. 2001ರಲ್ಲಿ ಪ್ರಕಟವಾದ ವರದಿಯಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಪಡೆದ 70 ಕ್ಷಯ ರೋಗಿಗಳ ಪೈಕಿ 40 ಮಂದಿಗೆ ರೋಗ ಕಾಣಿಸಿದ್ದು ಶ್ವಾಸಕೋಶದ ಹೊರಗೆ. ಕೆಮ್ಮಿಲ್ಲ, ಹಾಗಾಗಿ ಕ್ಷಯವಿಲ್ಲ ಎಂಬ ತರ್ಕ ಇಲ್ಲಿ ನಡೆಯದು.

ಎದೆಯ ಎಕ್ಸ್‌ರೇ ಜೊತೆ ಮ್ಯಾಂಟೂ ಪರೀಕ್ಷೆ, ಅಂದರೆ ಮುಂಗೈ ಚರ್ಮದೊಳಗೆ ಕ್ಷಯಾಣುವಿನ ಪ್ರೋಟೀನ್ ಚುಚ್ಚಿ ಊತ ನೋಡುವುದು. ಅದನ್ನು ಓದುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. 48ರಿಂದ 72 ಗಂಟೆಯೊಳಗೆ, ಒಳ್ಳೆಯ ಬೆಳಕಲ್ಲಿ, ಮೊಣಕೈ ಸ್ವಲ್ಪ ಮಡಿಸಿ ನೋಡಬೇಕು. ಕೆಂಪು ಲೆಕ್ಕಕ್ಕಿಲ್ಲ, ಗಟ್ಟಿಯಾದದ್ದೇ ಲೆಕ್ಕ. ಬಾಲ್ ಪೆನ್ನನ್ನು ಹೊರಗಿನಿಂದ ಊತದ ಕಡೆ ಮೆಲ್ಲಗೆ ಎಳೆಯುತ್ತಾ ಬಂದರೆ ಅಂಚಿನಲ್ಲಿ ತುದಿ ತಡೆಯುತ್ತದೆ, ಅಲ್ಲೇ ನಿಲ್ಲಿಸಿ. ಆಚೆ ಬದಿಯಿಂದಲೂ ಹಾಗೆಯೇ. ಎರಡು ಗೆರೆಗಳ ನಡುವಿನ ಅಂತರವನ್ನು ಕೈಗೆ ಅಡ್ಡಲಾಗಿ ಅಳೆಯಿರಿ. ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದಿನಲ್ಲಿರುವವರಿಗೆ 5 ಮಿ.ಮೀ. ಆದರೂ ಪಾಸಿಟಿವ್. ಮನೆಯಿಂದ ಫೋಟೋ ಕಳಿಸಿದರೆ ನಾನು ಒಪ್ಪುವುದಿಲ್ಲ, ಫೋಟೋದಲ್ಲಿ ಕಾಣುವುದು ಕೆಂಪೇ ಹೊರತು ಗಟ್ಟಿತನವಲ್ಲ. ಸ್ಟಿರಾಯ್ಡ್ ಹೆಚ್ಚಿದ್ದರೆ ಸುಳ್ಳು ನೆಗೆಟಿವ್ ಬರಬಹುದು, ಬಿಸಿಜಿ ಲಸಿಕೆ ಹಾಕಿಸಿಕೊಂಡಿದ್ದರೆ ಸುಳ್ಳು ಪಾಸಿಟಿವ್. ಕ್ಷಯದ ಸೋಂಕು ಹುಡುಕುವ ಇಗ್ರಾ ರಕ್ತಪರೀಕ್ಷೆಗೆ ಬಿಸಿಜಿಯ ಗೊಡವೆಯಿಲ್ಲ. ಸಕ್ರಿಯ ಕ್ಷಯ ಇಲ್ಲ, ಸುಪ್ತ ಸೋಂಕಿದೆ ಎಂದಾದರೆ ತಡೆ ಚಿಕಿತ್ಸೆ ಶುರುವಾಗಿ ಕನಿಷ್ಠ ಒಂದು ತಿಂಗಳಾದ ಮೇಲೆಯೇ ಬಯಾಲಜಿಕ್. ತಡೆ ಚಿಕಿತ್ಸೆಯಲ್ಲಿ ರಿಫಾಂಪಿಸಿನ್ ಇದ್ದರೆ ಪ್ರೆಡ್ನಿಸೊಲೋನ್‌ನ ಬಲ ಕುಗ್ಗುತ್ತದೆ. ಕೀಲು ನೋವು ಮರುಕಳಿಸಿದರೆ ಗಾಬರಿ ಬೇಡವೆಂದು ಮೊದಲೇ ಹೇಳಿಡುತ್ತೇನೆ.

ರಿಟುಕ್ಸಿಮ್ಯಾಬ್‌ಗೆ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ, ಎಚ್‌ಬಿಎಸ್ಎಜಿ (ಈಗಿನ ಸೋಂಕಿನ ಗುರುತು) ಒಂದೇ ಸಾಲದು, ಹಿಂದೆ ತಗಲಿದ್ದನ್ನೂ ತೋರುವ ಆಂಟಿ-ಎಚ್‌ಬಿಸಿಯೂ ಬೇಕು. ಟೊಫಾಸಿಟಿನಿಬ್‌ನವರಿಗೆ ಸರ್ಪಸುತ್ತು ಏಳಬಹುದೆಂಬ ಎಚ್ಚರಿಕೆ ಹೇಳುತ್ತೇನೆ. ಪಥ್ಯ ಕೇಳುವವರಿಗೆ ಬದನೆಕಾಯಿ ತಿನ್ನಿ ಅನ್ನುತ್ತೇನೆ, ಹಸಿ ಹಾಲು ಮಾತ್ರ ಬೇಡ.

ಟೋಸಿಲಿಜುಮ್ಯಾಬ್ ಪಡೆಯುವವರ ಕಾರ್ಡಿನ ಬೆನ್ನಿಗೆ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆಯುತ್ತೇನೆ. ಈ ಮದ್ದು ಸೋಂಕಾದಾಗ ರಕ್ತದಲ್ಲಿ ಏರುವ ಸಿಆರ್‌ಪಿಯನ್ನೇ ಅದುಮಿಡುತ್ತದೆ, ಸೋಂಕು ಜೋರಾಗಿದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು. ಊರಿನ ಡಾಕ್ಟರಿಗೆ ಮೊದಲು ತೋರಿಸಬೇಕಾದ್ದು ಆ ಬದಿ.