ನೀರಂಚಿನ ನೀಲಿ ಪಟ್ಟಿ

ಬೆಂಗಳೂರಿನ ಕನಕಪುರ ರಸ್ತೆಯ ಆ ಮನೆಯಿಂದ ಫೋನ್ ಬಂದದ್ದು ಮಳೆಗಾಲ ಮುಗಿದ ಮೇಲೆ. "ಮೇಡಂ, ಪೂಲ್ ಟೈಲ್ಸ್ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳ್ತಾ ಇದೆ, ಒಂದ್ಸಲ ಬಂದು ನೋಡಿ" ಅಂದರು. ಹೋಗಿ ನೋಡಿದೆ. ಕೊಳದ ಒಳಗೋಡೆಯ ಮೇಲ್ಭಾಗದಲ್ಲಿ, ನೀರಿನ ಮಟ್ಟ ಇರುವಲ್ಲಿ, ಎಂಟು ತಿಂಗಳ ಹಿಂದೆ ನಾನೇ ಬರೆದು ಸುಟ್ಟ ಟೈಲ್ಸ್ ಪಟ್ಟಿ. ನೀಲಿ ಬಳ್ಳಿ, ಹಳದಿ ನಿಂಬೆ. ಒಂದು ನಿಂಬೆಯ ಅರ್ಧ ಮುಖ ಉದುರಿ ಕೆಳಗಿನ ಕೆಂಪು ಮಣ್ಣು ಕಾಣುತ್ತಿತ್ತು. ಉಗುರಿನಿಂದ ಮುಟ್ಟಿದೆ, ಪಕ್ಕದ ಎಲೆಯೂ ಕಳಚಿ ಬಂತು. ಬೆರಳಿಗೆ ಬಿಳಿ ಉಪ್ಪಿನ ಪುಡಿ ಅಂಟಿತು.

ಆ ದಿನ ನನಗೆ ನಿಜಕ್ಕೂ ಅಳು ಬಂತು. 108 ಟೈಲ್ಸ್, ಮೂರು ತಿಂಗಳ ಕೆಲಸ. ಆದರೆ ಈಗ ನನ್ನ ಕೈಯಿಂದ ಹೊರಡುವ ಪ್ರತಿಯೊಂದು ಟೈಲ್ಸ್ ನಿಂತಿರುವುದು ಆ ಪಟ್ಟಿ ಕಲಿಸಿದ್ದರ ಮೇಲೆ. ಮನೆಗೋ ಕೊಳಕ್ಕೋ ಇಂಥ ಟೈಲ್ಸ್ ಹಾಕಿಸಬೇಕು, ಇಲ್ಲವೇ ತಾವೇ ಮಾಡಬೇಕು ಅಂತ ಆಸೆ ಇರುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಈ ಹುಚ್ಚು ಹತ್ತಿದ್ದು ಗೋವಾದಲ್ಲಿ. ಪಣಜಿಯ ಫೊಂಟೈನ್ಯಾಸ್ ಬೀದಿಗಳಲ್ಲಿ ಮನೆಯ ಹೆಸರು, ಬಾಗಿಲ ನಂಬರು ಎಲ್ಲವೂ ನೀಲಿ ಬಿಳಿ ಟೈಲ್ಸ್ ಮೇಲೆ ಬರೆದಿರುತ್ತವೆ. ಪೋರ್ಚುಗೀಸರು ಅದನ್ನು ಅಝುಲೆಜೊ ಅನ್ನುತ್ತಾರೆ. ಉಜ್ಜಿ ನಯ ಮಾಡಿದ ಕಲ್ಲು ಎಂಬ ಅರ್ಥದ ಅರಬ್ಬಿ ಮಾತಿನಿಂದ ಬಂದ ಹೆಸರು. ಸ್ಪೇನ್, ಇಟಲಿ, ಪೋರ್ಚುಗಲ್ ಎಲ್ಲ ಕಡೆ ಇರುವ ಈ ಕಲೆಯ ಬೇರು ಇರಾಕಿನ ಬಸ್ರಾದ ಕಡೆಗೆ ಹೋಗುತ್ತದೆ. 9ನೇ ಶತಮಾನದಲ್ಲಿ ಅಲ್ಲಿನ ಕುಂಬಾರರು ಚೀನಾದಿಂದ ಬಂದ ಬಿಳಿ ಪಿಂಗಾಣಿ ನೋಡಿದರು. ಅಂಥ ಬಿಳಿ ಮಣ್ಣು ಅವರಲ್ಲಿರಲಿಲ್ಲ. ಅದಕ್ಕೆ ಗ್ಲೇಜಿಗೆ, ಅಂದರೆ ಮಣ್ಣಿನ ಮೇಲೆ ಬಳಿದು ಸುಟ್ಟಾಗ ಗಾಜಿನಂತಾಗುವ ಲೇಪಕ್ಕೆ, ತವರದ ಭಸ್ಮ ಬೆರೆಸಿ, ತಮ್ಮ ಸಾಧಾರಣ ಮಣ್ಣಿನ ಮೇಲೆ ಹಾಲಿನಂಥ ಬಿಳುಪು ಹೊದಿಸಿದರು. ಆ ಬಿಳುಪಿನ ಮೇಲೆ ಚಿತ್ರ ಬರೆದರು. ಅದೇ ಮುಂದೆ ಸ್ಪೇನಿಗೆ, ಅಲ್ಲಿಂದ ಇಟಲಿಗೆ ಹೋಗಿ ಮಯೋಲಿಕಾ ಆಯಿತು. ಸೆವಿಲ್ಲಾ ನಗರದ ಅಲ್ಕಾಝಾರ್ ಅರಮನೆಯಲ್ಲಿ ನಿಕುಲೋಸೊ ಪಿಸಾನೊ ಎಂಬ ಕಲಾವಿದ 1504ರಲ್ಲಿ ಮಾಡಿದ ಟೈಲ್ಸ್ ಪೂಜಾಪೀಠ ಇವತ್ತಿಗೂ ಇದೆ.

ಇದನ್ನು ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಣ್ಣಿನ ವಿಷಯ. ಅವರಿಗಿದ್ದ ಕಷ್ಟವೇ ನಮ್ಮದೂ ಅಲ್ಲವೇ? ನಮ್ಮದೂ ಕೆಂಪು ಮಣ್ಣು. ಪಾಟರಿ ಟೌನ್‌ನಲ್ಲಿ ತಲೆಮಾರುಗಳಿಂದ ಹಣತೆ, ಕುಂಡ, ಗಣಪತಿ ಮಾಡುತ್ತಾ ಬಂದಿರುವ ಮನೆಗಳಿವೆ. ಅಲ್ಲಿನ ಹಿರಿಯ ಕುಂಬಾರರೊಬ್ಬರ ಹತ್ತಿರ ಮಣ್ಣು ತಂದು ಮನೆಯ ತಾರಸಿಯಲ್ಲಿ ಶುರು ಮಾಡಿದೆ.

ಮಣ್ಣಿನ ಕೆಲಸದಲ್ಲಿ ಅವಸರ ಮಾಡಿದರೆ ಕೆಟ್ಟಿತು ಅಂತಲೇ ಲೆಕ್ಕ. ನನ್ನ ಮಣ್ಣು ಒಣಗಿ ಸುಟ್ಟಾಗ ನೂರಕ್ಕೆ ಎಂಟರಷ್ಟು ಕುಗ್ಗುತ್ತಿತ್ತು. ಅಂದರೆ 150 ಮಿಲಿಮೀಟರ್ ಟೈಲ್ಸ್ ಬೇಕಾದರೆ ಹಸಿಯಲ್ಲಿ 163 ಕತ್ತರಿಸಬೇಕು. ಬಿಸಿಲಿಗಿಟ್ಟರೆ ಅಂಚು ಮೊದಲು ಒಣಗಿ ಹಪ್ಪಳದ ಹಾಗೆ ಮೇಲೇಳುತ್ತದೆ. ಎರಡು ಜಿಪ್ಸಂ ಬೋರ್ಡ್ ನಡುವೆ ಇಟ್ಟು, ದಿನಕ್ಕೊಮ್ಮೆ ಮಗುಚಿ, ಒಂಬತ್ತು ಹತ್ತು ದಿನ ನೆರಳಲ್ಲೇ ಒಣಗಿಸಬೇಕು. ಜುಲೈ ಆಗಸ್ಟ್‌ನಲ್ಲಾದರೆ ಎರಡು ವಾರ. ಹಿಂಬದಿಗೆ ಗೀರು ಹಾಕುವುದನ್ನು ಮರೆಯಬಾರದು, ಗೋಡೆಯ ಗಾರೆ ಹಿಡಿಯುವುದು ಆ ಗೀರುಗಳನ್ನೇ.

ಮೊದಲ ಸಲ 1040 ಡಿಗ್ರಿ ಸೆಲ್ಸಿಯಸ್‌ಗೆ ಬರಿಯ ಮಣ್ಣನ್ನು ಸುಡುತ್ತೇನೆ, ಆಮೇಲೆ ಗ್ಲೇಜ್ ಅದ್ದಿ ಚಿತ್ರ ಬರೆದು ಇನ್ನೊಮ್ಮೆ 1020ಕ್ಕೆ. ಮೊದಲ ಸುಡುವಿಕೆಯೇ ಹೆಚ್ಚು ಬಿಸಿಯಾಗಿದ್ದರೆ ಮಣ್ಣಿನೊಳಗಿನ ಗಾಳಿ ಅಷ್ಟೊತ್ತಿಗೆ ಹೋಗಿರುತ್ತದೆ, ಗ್ಲೇಜ್ ಮೇಲೆ ಸೂಜಿ ತೂತು ಬೀಳುವುದು ಕಡಿಮೆ. ತವರದ ಆಕ್ಸೈಡ್ ಕಿಲೋಗೆ ಸಾವಿರಾರು ರೂಪಾಯಿ. ಅದಕ್ಕೇ ದೊಡ್ಡ ಕೆಲಸಕ್ಕೆ ಜಿರ್ಕಾನ್ ಎಂಬ ಖನಿಜದ ಪುಡಿ ಬಳಸುತ್ತೇನೆ. ಬಿಳುಪು ಬರುತ್ತದೆ, ಆದರೆ ತವರದ ಬಿಳುಪಿನಲ್ಲಿರುವ ಆ ಬೆಣ್ಣೆಯ ಮೃದುತ್ವ ಬರುವುದಿಲ್ಲ. ಮನೆಯ ಹೆಸರಿನ ಫಲಕದಂಥ ಸಣ್ಣ ಕೆಲಸಕ್ಕೆ ಈಗಲೂ ತವರವೇ.

ಇನ್ನು ಚಿತ್ರ ಬರೆಯುವುದು. ಒಣಗಿದ ಹಸಿ ಗ್ಲೇಜ್ ಅಂದರೆ ಬಿಳಿ ಪುಡಿಯ ಒಂದು ಪದರ, ಅಷ್ಟೆ. ಉಸಿರು ಜೋರಾಗಿ ಬಿಟ್ಟರೂ ಏಳುತ್ತದೆ. ಕುಂಚ ತಾಗಿಸಿದ ಕ್ಷಣವೇ ನೀರನ್ನು ಎಳೆದುಕೊಳ್ಳುತ್ತದೆ. ಗೆರೆಯ ಮಧ್ಯೆ ಕೈ ನಿಂತರೆ ಅಲ್ಲೊಂದು ಕಪ್ಪು ಬೊಟ್ಟು. ತಿದ್ದಲು ಹೋದರೆ ಗ್ಲೇಜೇ ಕಿತ್ತು ಬರುತ್ತದೆ. ನಾನು ಬೆಳೆದದ್ದು ದಿನಾ ಬೆಳಗ್ಗೆ ಬಾಗಿಲಿಗೆ ರಂಗೋಲಿ ಇಡುವ ಮನೆಯಲ್ಲಿ. ರಂಗೋಲಿಯಲ್ಲಿ ಎಳೆ ತಪ್ಪಿದರೆ ಅಂಗೈಯಿಂದ ಒರೆಸಿ ಮತ್ತೆ ಎಳೆಯಬಹುದು. ಇಲ್ಲಿ ಅದಿಲ್ಲ. ಆದರೂ ಕಣ್ಣು ಮುಂದಿನ ಚುಕ್ಕಿಯ ಮೇಲೆ, ಕೈ ಹಿಂದಿನ ಚುಕ್ಕಿಯಿಂದ ಬರುತ್ತಿರುವ ಹಾಗೆ, ಆ ಅಭ್ಯಾಸ ಇಲ್ಲಿ ಕೈ ಹಿಡಿಯಿತು. ನಕ್ಷೆ ಇಳಿಸುವುದಂತೂ ಚುಕ್ಕಿ ಇಟ್ಟ ಹಾಗೆಯೇ: ಕಾಗದದ ಮೇಲಿನ ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಟೈಲ್ಸ್ ಮೇಲಿಟ್ಟು, ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ಮೆಲ್ಲಗೆ ತಟ್ಟಬೇಕು. ಕಾಗದ ಎತ್ತಿದರೆ ಕಪ್ಪು ಚುಕ್ಕಿಗಳ ಸಾಲು. ಸುಡುವಾಗ ಇದ್ದಿಲು ಉರಿದು ಹೋಗುತ್ತದೆ, ಗೆರೆ ಉಳಿಯುತ್ತದೆ. ಇಟಲಿಯವರು ಶತಮಾನಗಳಿಂದ ಮಾಡುತ್ತಿರುವುದೂ ಇದನ್ನೇ.

ಬರೆಯುವಾಗ ಕಾಣುವ ಬಣ್ಣ ಬೇರೆ, ಸುಟ್ಟ ಮೇಲೆ ಕಾಣುವುದು ಬೇರೆ. ಕೋಬಾಲ್ಟ್ ಆಕ್ಸೈಡ್ ಕೈಯಲ್ಲಿ ಕಾಡಿಗೆಯಷ್ಟು ಕಪ್ಪು, ಕಿಲ್ನ್‌ನಿಂದ, ಅಂದರೆ ಸುಡುವ ಗೂಡಿನಿಂದ, ಹೊರಬಂದಾಗ ಕಡಲ ನೀಲಿ. ಸ್ವಲ್ಪ ದಪ್ಪವಾದರೆ ನೀಲಿಯೂ ಅಲ್ಲದ, ಲೋಹದ ಕರಿ ಕಲೆ. ತಾಮ್ರ ಹಸಿರು ಕೊಡುತ್ತದೆ, ಮ್ಯಾಂಗನೀಸ್ ನೇರಳೆ ಮಿಶ್ರಿತ ಕಂದು, ಕಬ್ಬಿಣ ಕಂದು ಕೇಸರಿ. ಹಳೆಯ ಇಟಲಿಯ ಹಳದಿ ಸೀಸ ಮತ್ತು ಆಂಟಿಮನಿಯದು, ವಿಷ. ಅದನ್ನು ನಾನು ಮನೆಯೊಳಗೆ ತರುವುದಿಲ್ಲ. ಪ್ರೇಸಿಯೋಡಿಮಿಯಂ ಎಂಬ ಲೋಹದಿಂದ ಮಾಡಿದ ಸಿದ್ಧ ಬಣ್ಣದ ಪುಡಿ (ಸ್ಟೇನ್) ಹಾಕುತ್ತೇನೆ, ನಿಂಬೆಗೆ ಚೆನ್ನಾಗಿ ಹೊಂದುತ್ತದೆ. ಪುಡಿ ಕಲಸುವಾಗ ಮಾಸ್ಕ್ ಕಡ್ಡಾಯ, ನೆಲವನ್ನು ಗುಡಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಮತ್ತೆ ಹೊರಬರುವುದಿಲ್ಲ.

ಕೊಳದ ಮನೆಯವರು ಕೇಳಿದ್ದು ಅಮಾಲ್ಫಿ ಕರಾವಳಿಯ ನಿಂಬೆ. ಅದು ನಮ್ಮ ಗುಂಡು ನಿಂಬೆಯಲ್ಲ, ಉದ್ದನೆಯ, ತುದಿ ಚೂಪಾದ, ಒರಟು ಸಿಪ್ಪೆಯ ಹಣ್ಣು. ಫೋಟೋ ನೋಡಿ ಬರೆದರೆ ಜೀವ ಬರಲಿಲ್ಲ. ಕೊನೆಗೆ ಗಾಂಧಿ ಬಜಾರಿಗೆ ಹೋಗಿ ಎರಡು ಹೇರಳೆಕಾಯಿ ತಂದು ಮುಂದಿಟ್ಟುಕೊಂಡೆ. ಆ ಉಬ್ಬು ತಗ್ಗಿನ ಸಿಪ್ಪೆ, ತೊಟ್ಟಿನ ಹತ್ತಿರದ ಹಸಿರು ನೆರಳು ನೋಡಿದ ಮೇಲೆ ಕೈ ಹರಿಯಿತು. ಚಿತ್ರ ಮುಗಿದ ಮೇಲೆ ಅಮ್ಮ ಗೊಜ್ಜು ಮಾಡಿದರು.

ಹಾಗೆ ಮಾಡಿದ ಪಟ್ಟಿಯೇ ಉದುರಿದ್ದು. ತಪ್ಪು ಚಿತ್ರದ್ದಲ್ಲ, ಅಂಟಿಸಿದ ಮೇಸ್ತ್ರಿಯದೂ ಅಲ್ಲ. ಟೈಲ್ಸ್ ಮೈಯದು, ಅಂದರೆ ಅದನ್ನು ಆರಿಸಿದ ನನ್ನದು. ಮನೆಗೆ ಬಂದು ಉಳಿದ ಟೈಲ್ಸ್ ಒಂದನ್ನು ತೂಗಿದೆ, 410 ಗ್ರಾಂ. ಎರಡು ಗಂಟೆ ನೀರಲ್ಲಿ ಕುದಿಸಿ, ರಾತ್ರಿಯಿಡೀ ಅಲ್ಲೇ ಬಿಟ್ಟು, ಒರೆಸಿ ಮತ್ತೆ ತೂಗಿದರೆ 461. ತನ್ನ ತೂಕದ ನೂರಕ್ಕೆ ಹನ್ನೆರಡರಷ್ಟು ನೀರು ಕುಡಿದಿತ್ತು! ಅದರ ಮುಖಕ್ಕೆ ಗ್ಲೇಜ್ ಇದೆ, ಅಲ್ಲಿಂದ ನೀರು ಹೋಗದು. ಆದರೆ ಸಂದಿಯ ಗ್ರೌಟ್ ಮೂಲಕ, ಬೆನ್ನಿನ ಕಡೆಯಿಂದ ಹೋಗುತ್ತದೆ. ಒದ್ದೆಯಾದ ಮಣ್ಣು ಕೂದಲೆಳೆಯಷ್ಟು ಹಿಗ್ಗುತ್ತದೆ, ಗ್ಲೇಜ್ ಹಿಗ್ಗಲಾರದೆ ಬಿರುಕು ಬಿಡುತ್ತದೆ. ನೀರಂಚಿನಲ್ಲಿ ದಿನವೂ ಒದ್ದೆ, ದಿನವೂ ಒಣ. ಒಣಗುವಾಗ ಉಪ್ಪು ಒಳಗೇ ಹರಳುಗಟ್ಟಿ ಗ್ಲೇಜನ್ನು ಹಿಂದಿನಿಂದ ತಳ್ಳುತ್ತದೆ. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಗೊತ್ತೇ ಇದೆ.

ಅಂಗಡಿಯಲ್ಲಿ ಸಿಗುವ ಗ್ಲೇಜಿಲ್ಲದ ವಿಟ್ರಿಫೈಡ್ ಟೈಲ್ಸ್ ಒಂದನ್ನು ತಂದು ಅದೇ ಪರೀಕ್ಷೆ ಮಾಡಿದೆ. 423 ಗ್ರಾಂ ಇದ್ದದ್ದು 424. ಕೊಳಕ್ಕೆ ಬೇಕಾದ್ದು ಇಂಥ ಮೈ, ನೂರಕ್ಕೆ ಅರ್ಧದಷ್ಟಕ್ಕಿಂತ ಕಡಿಮೆ ನೀರು ಕುಡಿಯುವಂಥದ್ದು. ಆದರೆ ನೀರು ಕುಡಿಯದ ಮೈಗೆ ಗ್ಲೇಜೂ ಹತ್ತುವುದಿಲ್ಲ, ಕಮಲದೆಲೆಯ ಮೇಲಿನ ಹನಿಯ ಹಾಗೆ ಜಾರುತ್ತದೆ. ಟೈಲ್ಸನ್ನು ಓವನ್‌ನಲ್ಲಿ ಕೈ ಸುಡುವಷ್ಟು ಬಿಸಿ ಮಾಡಿ, ಗ್ಲೇಜಿಗೆ ಸಿಎಂಸಿ ಎಂಬ ಸೆಲ್ಯುಲೋಸ್ ಅಂಟು ಬೆರೆಸಿ, ತೆಳುವಾಗಿ ನಾಲ್ಕೈದು ಸಲ ಸ್ಪ್ರೇ ಮಾಡಿದಾಗ ನಿಂತಿತು. ಸುಟ್ಟು ತೆಗೆದರೆ ಜೇಡರ ಬಲೆಯಂತೆ ಮೈತುಂಬ ಬಿರುಕು. ಕೆಂಪು ಮಣ್ಣಿಗೆ ಹೊಂದುತ್ತಿದ್ದ ಗ್ಲೇಜ್ ಈ ಗಟ್ಟಿ ಮೈಗಿಂತ ಹೆಚ್ಚು ಕುಗ್ಗುತ್ತಿತ್ತು. ಸೋಡಿಯಂ ಕಡಿಮೆ ಮಾಡಿ, ಬೋರಾನ್ ಇರುವ ಫ್ರಿಟ್ (ಕರಗಿಸಿ ಪುಡಿ ಮಾಡಿದ ಗಾಜು) ಮತ್ತು ಸಿಲಿಕಾ ಹೆಚ್ಚಿಸುತ್ತಾ ಹೋದೆ. ಪ್ರತಿ ಮಾದರಿಯನ್ನೂ ಕುದಿಯುವ ನೀರಿಗೆ ಹಾಕಿ, ತಕ್ಷಣ ಐಸ್ ನೀರಿಗೆ ಹಾಕಿ, ಹೀಗೆ ಐದು ಸುತ್ತು. ಆಮೇಲೆ ಶಾಯಿ ಒರೆಸಿ ನೋಡಿದರೆ ಬಿರುಕಿದ್ದಲ್ಲಿ ಗೆರೆ ಕಾಣುತ್ತದೆ. ಹದಿನಾಲ್ಕನೆಯ ಮಾದರಿಯ ಮೇಲೆ ಶಾಯಿ ನಿಲ್ಲಲಿಲ್ಲ.

ಎರಡನೆಯ ಪಟ್ಟಿ 2022ರಲ್ಲಿ ಕೂತಿತು. ಈ ಸಲ ಮೇಸ್ತ್ರಿಯ ಜೊತೆ ನಾನೂ ಇಳಿದು ನಿಂತೆ. ಪೂಲ್‌ಗೆಂದೇ ಬರುವ ಅಡ್ಹೆಸಿವ್ ಅನ್ನು ಹಲ್ಲಿನ ಕರಣೆಯಿಂದ ಗೋಡೆಗೂ, ತೆಳುವಾಗಿ ಟೈಲ್ಸ್ ಬೆನ್ನಿಗೂ ಹಚ್ಚಬೇಕು. ಅಂಟಿನ ಐದು ಬೊಟ್ಟು ಮಾತ್ರ ಇಟ್ಟು ಒತ್ತುವ ಮೇಸ್ತ್ರಿಯ ಅಭ್ಯಾಸ ಬಿಡಿಸಲು ಇಡೀ ಒಂದು ದಿನ ಹಿಡಿಯಿತು, ಆದರೆ ಒಂದು ಟೈಲ್ಸ್ ಕಿತ್ತು ಬೆನ್ನಿನ ಪೊಳ್ಳು ತೋರಿಸಿದ ಮೇಲೆ ಅವರೇ ಉಳಿದವರಿಗೆ ಹೇಳಿಕೊಟ್ಟರು. ಸಂದಿಗೆ ಎಪಾಕ್ಸಿ ಗ್ರೌಟ್. ಮೂರು ವಾರ ನೀರು ಬಿಡಲಿಲ್ಲ. ಬಿಟ್ಟಾಗಲೂ ಸ್ವಲ್ಪ ಸ್ವಲ್ಪವೇ. ನೀರಿನ ಪಿಎಚ್ (ಹುಳಿ-ಕ್ಷಾರದ ಮಟ್ಟ) 7.2ರಿಂದ 7.8ರ ನಡುವೆ ಇರಲಿ, ಬಿಳಿ ಪೊರೆ ಕಟ್ಟಿದರೆ ಆ್ಯಸಿಡ್ ಸುರಿಯಬೇಡಿ, ವಿನಿಗರ್ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ತೊಳೆಯಿರಿ ಎಂದು ಚೀಟಿ ಬರೆದು ಪಂಪ್ ರೂಮಿನಲ್ಲಿ ಅಂಟಿಸಿ ಬಂದೆ.

ಕೆಂಪು ಮಣ್ಣಿನ ಟೈಲ್ಸ್ ಬಿಟ್ಟೆನೇ? ಇಲ್ಲ, ಅದರ ಜಾಗ ಮನೆಯೊಳಗೆ. ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಮೆಟ್ಟಿಲಿನ ನೇರ ಮುಖದಲ್ಲಿ, ಕಾಲಿಡುವ ಮೇಲ್ಭಾಗದಲ್ಲಲ್ಲ. ಸಿಸಿಲಿಯ ಕಲ್ತಜಿರೋನೆ ಊರಲ್ಲಿ 142 ಮೆಟ್ಟಿಲಿನ ಒಂದು ದೊಡ್ಡ ಸೋಪಾನವಿದೆ. ಕಟ್ಟಿದ್ದು 1606ರಲ್ಲಿ, ಮೆಟ್ಟಿಲಿನ ಮುಖಗಳಿಗೆ ಮಯೋಲಿಕಾ ಬಂದದ್ದು 1954ರಲ್ಲಿ. ತುಳಿಯುವ ಜಾಗ ಬರೀ ಕಲ್ಲು. ನಮ್ಮ ರೆಡ್ ಆಕ್ಸೈಡ್ ಮೆಟ್ಟಿಲಿಗೆ ನೀಲಿ ಮುಖ ಕೂಡಿಸಿದರೆ ಕಣ್ಣು ತುಂಬುತ್ತದೆ, ಜಯನಗರದ ಒಂದು ಹಳೆಯ ಮನೆಗೆ ಹಾಗೆ ಹದಿನೇಳು ಮೆಟ್ಟಿಲು ಮಾಡಿದ್ದೇನೆ. ತುಳಸಿಕಟ್ಟೆಗೂ ಹೊಂದುತ್ತದೆ. ಅಡುಗೆಮನೆಯ ಒಲೆಯ ಹಿಂದೆ ಮಾತ್ರ ಬಿರುಕಿಲ್ಲದ ಗ್ಲೇಜ್ ಇರಲೇಬೇಕು. ಒಗ್ಗರಣೆಯ ಅರಿಶಿನ ಬಿರುಕಿನೊಳಗೆ ಇಳಿದರೆ ಯಾವ ಸೋಪೂ ತೆಗೆಯದು.

2024ರ ಬೇಸಿಗೆ ಎಲ್ಲರಿಗೂ ನೆನಪಿದೆ. ಆ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ಸರಿಯಾದ ಆದೇಶ. ಅಂದಿನಿಂದ ಪೂಲ್ ಕೇಳಿ ಬಂದವರಿಗೆ ನಾನು ಮೊದಲು ತೊಟ್ಟಿಯ ಲೆಕ್ಕ ಹೇಳುತ್ತೇನೆ. 18 ಅಡಿ, 9 ಅಡಿ, 4 ಅಡಿ ಆಳದ ಕೊಳಕ್ಕೆ 18,000 ಲೀಟರಿಗೂ ಹೆಚ್ಚು ನೀರು ಬೇಕು. 4 ಅಡಿ ಚೌಕದ, ಒಂದಡಿ ಆಳದ ತೊಟ್ಟಿಗೆ 450 ಲೀಟರ್ ಸಾಕು, ಅದನ್ನು ಮಳೆನೀರಲ್ಲೇ ತುಂಬಿಸಬಹುದು. ಸ್ಪೇನಿನ ಆಂಡಲೂಸಿಯಾದ ಮನೆಗಳ ನಡುವೆಯೂ ತೆರೆದ ಅಂಗಳ, ಅದರ ಮಧ್ಯೆ ನೀರು, ಸುತ್ತ ಟೈಲ್ಸ್. ನಮ್ಮ ತೊಟ್ಟಿಮನೆಯೇ ಅಲ್ಲವೇ ಅದು? ಒಂದು ತಾವರೆ, ನಾಲ್ಕು ಮೀನು, ಸುತ್ತ ಬರೆದ ಅಂಚು ಇದ್ದರೆ ಮನೆಯವರೆಲ್ಲ ಸಂಜೆ ಅಲ್ಲೇ ಕೂರುತ್ತಾರೆ.

ಆ ಬೇಸಿಗೆ ಕನಕಪುರ ರಸ್ತೆಯ ಕೊಳ ಖಾಲಿ ಬಿದ್ದಿತ್ತು. ನೀರಿಲ್ಲದೆ ಬಿಸಿಲಿಗೆ ಕಾದ ಕೊಳದಲ್ಲಿ ಟೈಲ್ಸ್ ಗೋಡೆ ಬಿಡುವುದುಂಟು. ಮಳೆ ಶುರುವಾಗುವ ಮುಂಚೆ ಹೋಗಿ, ಒಂದು ರೂಪಾಯಿ ನಾಣ್ಯ ಹಿಡಿದು ಪಟ್ಟಿಯುದ್ದಕ್ಕೂ ಒಂದೊಂದನ್ನೇ ತಟ್ಟಿದೆ. ಟಣ್ ಅಂದರೆ ಗಟ್ಟಿ, ಟಪ್ ಅಂದರೆ ಹಿಂದೆ ಪೊಳ್ಳು. 105 ಟಣ್ ಅಂದವು. ಒಂದು ಮೂಲೆಯಲ್ಲಿ, ಮಧ್ಯಾಹ್ನದ ಬಿಸಿಲು ನೇರ ಬೀಳುವಲ್ಲಿ, ಮೂರು ಟಪ್ ಅಂದವು. ಮುಖದ ಮೇಲೆ ಒಂದು ಬಿರುಕೂ ಇರಲಿಲ್ಲ. ಆ ಮೂರನ್ನೂ ಕೀಳಿಸಿ, ಮೂಲೆಯಲ್ಲಿ ಗೋಡೆಗಳು ಹಿಗ್ಗಲು ಸಿಲಿಕೋನ್ ಸಂದಿ ಬಿಡಿಸಿ, ಮೂರು ಹೊಸದಾಗಿ ಬರೆದು ಸುಟ್ಟು ಕೂರಿಸಿದೆ. ಹೊಸ ಕೋಬಾಲ್ಟ್ ಡಬ್ಬದ್ದು, ನೀಲಿ ಒಂದು ಎಳೆ ಗಾಢ ಬಂದಿದೆ. ನೀರು ತುಂಬಿದಾಗ ಕಾಣುವುದಿಲ್ಲ, ಮಟ್ಟ ಎರಡು ಬೆರಳು ಇಳಿದರೆ ಕಾಣುತ್ತದೆ.