ಪಿಯುಸಿ ಆದ ಮೇಲೆ ಸೇನಾ ಅಧಿಕಾರಿಯಾಗಬೇಕೆ? ಯಾವ ಪರೀಕ್ಷೆ ಬರೆಯಬೇಕು ಎಂಬ ಲೆಕ್ಕ

ಸೇನಾ ಅಕಾಡೆಮಿಗಳು ಕೆಸಿಇಟಿ ರ‍್ಯಾಂಕನ್ನಾಗಲಿ ಕಾಮೆಡ್‌ಕೆ ಅಂಕವನ್ನಾಗಲಿ ಕೇಳುವುದಿಲ್ಲ. ಪಿಯುಸಿ ಮುಗಿಸಿ ನೇರವಾಗಿ ಅಧಿಕಾರಿ ತರಬೇತಿಗೆ ಸೇರಬಯಸುವವರು ಗಮನಿಸಬೇಕಾದದ್ದು ಮುಖ್ಯವಾಗಿ ಮೂರು ಪರೀಕ್ಷೆಗಳನ್ನು: ಯುಪಿಎಸ್‌ಸಿ ನಡೆಸುವ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆ), ಜೆಇಇ ಮೇನ್, ನೀಟ್. ಇವುಗಳಲ್ಲಿ ಯಾವುದು ನಿಮಗೆ ಎಂಬುದು ಪಿಯುನಲ್ಲಿ ತೆಗೆದುಕೊಂಡ ವಿಷಯಗಳಿಂದಲೇ ಅರ್ಧ ತೀರ್ಮಾನವಾಗಿರುತ್ತದೆ.

ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ (ಪಿಸಿಎಂ) ಮೂರೂ ಇದ್ದರೆ ಎನ್‌ಡಿಎ, ಜೆಇಇ ಮೇನ್ ಎರಡನ್ನೂ ಬರೆಯಿರಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುವ ಮನಸ್ಸಿಲ್ಲದಿದ್ದರೂ ಜೆಇಇ ಬಿಡಬೇಡಿ. ಭೂಸೇನೆಯ ಟಿಇಎಸ್ (ತಾಂತ್ರಿಕ ಪ್ರವೇಶ ಯೋಜನೆ) ಪ್ರವೇಶಕ್ಕೂ ನೌಕಾಪಡೆಯ ಬಿ.ಟೆಕ್. ಕೆಡೆಟ್ ಪ್ರವೇಶಕ್ಕೂ ಬೇರೆ ಲಿಖಿತ ಪರೀಕ್ಷೆಯೇ ಇಲ್ಲ. ಜೆಇಇ ಆಧಾರದ ಮೇಲೆ ಆಯ್ದು ನೇರ ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ) ಸಂದರ್ಶನಕ್ಕೆ ಕರೆಯುತ್ತಾರೆ. ಟಿಇಎಸ್‌ಗೆ ಪಿಸಿಎಂ ಮೂರೂ ಸೇರಿ ಶೇ. 60, ಅಂದರೆ 300ಕ್ಕೆ 180 ಬೇಕು. ನೌಕಾಪಡೆಗೆ ಶೇ. 70, ಅಂದರೆ 210. ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಂಗ್ಲಿಷಿನಲ್ಲಿ ಶೇ. 50. ನೌಕಾಪಡೆ ನೋಡುವುದು ಅಖಿಲ ಭಾರತ ಸಾಮಾನ್ಯ ರ‍್ಯಾಂಕನ್ನು, ವರ್ಗವಾರು ರ‍್ಯಾಂಕನ್ನಲ್ಲ. ಜೆಇಇಯಲ್ಲಿ ಒಳ್ಳೆಯ ರ‍್ಯಾಂಕ್ ತೆಗೆದು ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಂಡವರು ಈ 180–210ರ ಗೆರೆಯಲ್ಲಿ ಎಡವುತ್ತಾರೆ.

ಜೀವಶಾಸ್ತ್ರ ಇದ್ದು ಗಣಿತ ಇಲ್ಲದವರಿಗೆ ಸಹಜವಾದ ದಾರಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಅಂದರೆ ಎಎಫ್‌ಎಂಸಿ. ಅದಕ್ಕೆ ನೀಟ್ ಬರೆದರಷ್ಟೇ ಸಾಲದು. ಕೌನ್ಸೆಲಿಂಗ್ ಸಮಯದಲ್ಲಿ ಎಂಸಿಸಿ (ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಜಾಲತಾಣದಲ್ಲಿ ಎಎಫ್‌ಎಂಸಿಯನ್ನು ಪ್ರತ್ಯೇಕವಾಗಿ ಆರಿಸಿಕೊಳ್ಳಬೇಕು. ಆಮೇಲೆ ಇಂಗ್ಲಿಷ್ ಮತ್ತು ತರ್ಕದ ಕಿರು ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ಇರುತ್ತವೆ.

ಕಲೆ, ವಾಣಿಜ್ಯ ಓದಿದವರೂ ಎನ್‌ಡಿಎ ಬರೆಯಬಹುದು, ಆದರೆ ಭೂಸೇನಾ ವಿಭಾಗಕ್ಕೆ ಮಾತ್ರ. ವಾಯುಪಡೆ, ನೌಕಾಪಡೆ ಎರಡೂ ಪಿಸಿಎಂ ಕೇಳುತ್ತವೆ. ಇನ್ನೊಂದು ತೊಡಕೂ ಇದೆ: ನೀವು ಯಾವ ವಿಷಯ ಓದಿದ್ದರೂ ಗಣಿತ ಪತ್ರಿಕೆ ಕಡ್ಡಾಯ, ಪ್ರತಿ ಪತ್ರಿಕೆಗೂ ಪ್ರತ್ಯೇಕ ಕನಿಷ್ಠ ಅಂಕ ಉಂಟು. ಎಸ್ಸೆಸ್ಸೆಲ್ಸಿ ನಂತರ ಗಣಿತ ಮುಟ್ಟಿಯೇ ಇಲ್ಲ ಎನ್ನುವವರು ಡಿಗ್ರಿ ಮುಗಿಸಿ ಸಿಡಿಎಸ್ (ಪದವೀಧರರಿಗಾಗಿ ಯುಪಿಎಸ್‌ಸಿ ನಡೆಸುವ ಸೇನಾ ಪರೀಕ್ಷೆ) ಮೂಲಕ ಚೆನ್ನೈನ ಒಟಿಎಗೆ (ಅಧಿಕಾರಿಗಳ ತರಬೇತಿ ಅಕಾಡೆಮಿ) ಪ್ರಯತ್ನಿಸುವುದು ಜಾಣತನ. ಅಲ್ಲಿ ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಎರಡೇ ಪತ್ರಿಕೆ, ಗಣಿತ ಇಲ್ಲ.

ಎನ್‌ಡಿಎ ಲಿಖಿತ ಪರೀಕ್ಷೆ ಒಟ್ಟು 900 ಅಂಕದ್ದು. ಗಣಿತ 120 ಪ್ರಶ್ನೆ, 300 ಅಂಕ. ಸಾಮಾನ್ಯ ಸಾಮರ್ಥ್ಯ ಪತ್ರಿಕೆ 150 ಪ್ರಶ್ನೆ, 600 ಅಂಕ. ಎರಡಕ್ಕೂ ತಲಾ ಎರಡೂವರೆ ಗಂಟೆ. ಈ 600ರಲ್ಲಿ ಇಂಗ್ಲಿಷಿಗೇ 200. ಉಳಿದ 400ರಲ್ಲಿ ಭೌತ, ರಸಾಯನದ ಜೊತೆಗೆ ಇತಿಹಾಸ, ಭೂಗೋಳಕ್ಕೂ ದೊಡ್ಡ ಪಾಲು. ಜೆಇಇಗೆ ಓದಿದವರು ಗಣಿತದಲ್ಲೇ ದಡ ಸೇರುತ್ತೇವೆಂದು ಕೂತು, ಈ ಭಾಗದಲ್ಲಿ ಸೋಲುವುದುಂಟು. ಇತ್ತೀಚಿನ ವರ್ಷಗಳಲ್ಲಿ ಲಿಖಿತ ಪರೀಕ್ಷೆಯ ಕಟ್‌ಆಫ್ 300ರ ಆಸುಪಾಸಿನಲ್ಲಿದೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಮೂರನೇ ಒಂದು ಭಾಗ ಅಂಕ ಕಳೆಯುತ್ತಾರೆ, ಹಾಗಾಗಿ ಗೊತ್ತಿರುವುದನ್ನಷ್ಟೇ ಗುರುತು ಮಾಡಿ ಬಂದವರೂ ಪಾಸಾಗುತ್ತಾರೆ. ಕನ್ನಡ ಮಾಧ್ಯಮದವರು ಗಮನಿಸಬೇಕಾದ್ದು: ಜೆಇಇ ಮೇನ್, ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಎನ್‌ಡಿಎಯದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ.

ಎನ್‌ಡಿಎಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಎಂದು ಬಾಯಿಲೆಕ್ಕ ಹಾಕಬೇಡಿ. ಅಧಿಸೂಚನೆಯಲ್ಲಿ ಎರಡು ಜನ್ಮದಿನಾಂಕ ಕೊಟ್ಟಿರುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ದಿನಾಂಕ ಅವೆರಡರ ನಡುವೆ ಬರಬೇಕು, ಒಂದು ದಿನ ಆಚೀಚೆಯಾದರೂ ಅರ್ಜಿ ಬಿದ್ದುಹೋಗುತ್ತದೆ. ಪ್ರಥಮ ಪಿಯುನಲ್ಲಿರುವವರಿಗೆ ಅವಕಾಶವಿಲ್ಲ, ದ್ವಿತೀಯ ಪಿಯುನಲ್ಲಿರುವವರು ಅರ್ಜಿ ಹಾಕಬಹುದು. ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ. ಏಪ್ರಿಲ್‌ನದಕ್ಕೆ ಅರ್ಜಿ ಡಿಸೆಂಬರ್‌ನಲ್ಲೇ ಶುರುವಾಗುತ್ತದೆ; ಪ್ರಿಪರೇಟರಿಯ ಗಡಿಬಿಡಿಯಲ್ಲಿ ಇದನ್ನು ಮರೆಯುವವರು ಬಹಳ. ಜೆಇಇಯ ಎರಡನೇ ಹಂತವೂ ಏಪ್ರಿಲ್‌ನಲ್ಲೇ ಬರುವುದರಿಂದ ಜನವರಿಯ ಹಂತವನ್ನೇ ಗಂಭೀರವಾಗಿ ಬರೆದುಬಿಡುವುದು ಒಳ್ಳೆಯದು.

ಹುಡುಗಿಯರಿಗೆ 2021ರ ಸುಪ್ರೀಂ ಕೋರ್ಟ್ ಆದೇಶದ ಬಳಿಕ ಎನ್‌ಡಿಎ ತೆರೆದಿದೆ, ಅರ್ಜಿ ಶುಲ್ಕವೂ ಇಲ್ಲ.

ಎನ್‌ಡಿಎ ಅರ್ಜಿಯಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆಗಳ ಆದ್ಯತೆ ತುಂಬುವಾಗ ಗೆಳೆಯರು ಹಾಕಿದ್ದನ್ನು ನಕಲು ಮಾಡಬೇಡಿ. ವಾಯುಪಡೆಯ ಹಾರಾಟ ವಿಭಾಗಕ್ಕೆ ಸಿಪಿಎಸ್‌ಎಸ್ ಎಂಬ ಕಂಪ್ಯೂಟರ್ ಪರೀಕ್ಷೆಯಿದೆ. ಅದರಲ್ಲಿ ಒಮ್ಮೆ ಫೇಲಾದರೆ ಮುಂದೆಂದೂ ಪೈಲಟ್ ಆಗಲು ಪ್ರಯತ್ನಿಸುವಂತಿಲ್ಲ. ಆದ್ಯತೆ ಬರೆಯುವ ಮೊದಲೇ ಕಣ್ಣಿನ ವೈದ್ಯರಲ್ಲಿ ದೃಷ್ಟಿ ಮತ್ತು ಬಣ್ಣ ಗುರುತಿಸುವ ಶಕ್ತಿ ಎರಡನ್ನೂ ಪರೀಕ್ಷಿಸಿಕೊಳ್ಳಿ.